ಬೈಕಿನ ಅಲಂಕಾರದಲ್ಲೂ ಔಚಿತ್ಯ ಬೇಕು

ವಿಭಾಗದ ಮುಂದೆ ನಿಲ್ಲುವ ಕ್ರೂಸರ್ ಬೈಕುಗಳಲ್ಲಿ ಕಂಪನಿ ಕೊಟ್ಟ ರೂಪದಲ್ಲೇ ಉಳಿದವು ವಿರಳ. ಟ್ಯಾಂಕಿಗೆ ಹೊಸ ಬಣ್ಣ ಬಳಿಸಿ ಅದರ ಮೇಲೆ ಕನ್ನಡದಲ್ಲೊಂದು ಹೆಸರು ಬರೆಸಿದರೆ ನನ್ನ ತಕರಾರಿಲ್ಲ. ಅಕ್ಕಲಕೋಟೆಯ ರಸ್ತೆಯಲ್ಲಿ ಮರಾಠಿ ಫಲಕಗಳ ನಡುವೆ ಆ ನಾಲ್ಕು ಅಕ್ಷರಗಳು ಓಡಾಡುವುದು ಸಂತೋಷವೇ. ಬಣ್ಣ ಬದಲಾದುದನ್ನು ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸಬೇಕು, ಅಷ್ಟೆ. ನಂಬರ್ ಪ್ಲೇಟಿನ ಮೇಲೆ ಮಾತ್ರ ಕನ್ನಡವೂ ಸಲ್ಲದು, ಮರಾಠಿಯೂ ಸಲ್ಲದು. ನಿಯಮ ಒಪ್ಪುವುದು ಇಂಗ್ಲಿಷ್ ಅಕ್ಷರಗಳನ್ನೇ. ಎಲ್ಲಿ ಯಾವುದು ಸಲ್ಲುತ್ತದೆಂಬ ಈ ವಿವೇಕ, ಕ್ಷೇಮೇಂದ್ರನ ಔಚಿತ್ಯವಿಚಾರವನ್ನು ಓದಿದ ನಿಮಗೆ ಹೊಸತಲ್ಲ.

ನನ್ನ ಆಕ್ಷೇಪವಿರುವುದು ಬಿಡಿಭಾಗಗಳ ಕುರಿತು. ಹ್ಯಾಂಡಲನ್ನು ಎದೆಮಟ್ಟಕ್ಕೇರಿಸಿ ಹಳೆಯ ಕ್ಲಚ್ ಕೇಬಲನ್ನೂ ಬ್ರೇಕ್ ಹೋಸನ್ನೂ ಹಾಗೆಯೇ ಬಿಟ್ಟರೆ, ತಿರುವಿನಲ್ಲಿ ಅವು ಜಗ್ಗಿ ಬಿಗಿಯುತ್ತವೆ. ಹಿಂಬದಿಗೆ ತೀರ ಅಗಲವಾದ ಟೈರು ಹಾಕಿಸಿದರೆ ಅದು ಚೈನಿಗೆ ಉಜ್ಜಬಹುದು. ಸೈಲೆನ್ಸರ್ ಬದಲಿಸಿ ಗುಡುಗಿಸುವವರನ್ನು ಪರೀಕ್ಷಾ ಕೊಠಡಿಯಲ್ಲಿ ಕುಳಿತವರೇ ಶಪಿಸುತ್ತಾರೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗ್ಯಾರೇಜಿನವರು ಇದನ್ನು ನಿಮಗೆ ಹೇಳಲಾರರು. ಸವೆದ ಬ್ರೇಕ್ ಶೂಗಳಿಗೆ ಮೊದಲು ಹಣ ತೆಗೆದಿಡಿರಿ; ಉಳಿದುದರಲ್ಲಿ ಬಣ್ಣ ಬಳಿಸಿರಿ.