ಆಡಿ ಮುಗಿಸಿದ ಆಟ ಮಾರಬಹುದೇ?

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಓದು ಮುಗಿಸಿದವರು ಭೌತಶಾಸ್ತ್ರ, ಗಣಿತದ ಪುಸ್ತಕಗಳನ್ನು ಮಾರಿ ಹೋಗುತ್ತಾರೆ. ಹೊಸದಾಗಿ ಸೇರುವವರು ಅವನ್ನೇ ಕಡಿಮೆ ಬೆಲೆಗೆ ಕೊಂಡೊಯ್ಯುತ್ತಾರೆ. ಇದಕ್ಕೆ ಲೇಖಕರ ಅಪ್ಪಣೆ ಬೇಕೇ, ಪ್ರಕಾಶಕರ ಅಪ್ಪಣೆ ಬೇಕೇ ಎಂದು ಯಾವ ಪೋಷಕರೂ ತಲೆ ಕೆಡಿಸಿಕೊಂಡದ್ದಿಲ್ಲ. ಅದೇ ಹುಡುಗ ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ತಂದ ವಿಡಿಯೊ ಗೇಮನ್ನು ಬೇಸಿಗೆ ರಜೆಯಲ್ಲಿ ಆಡಿ ಮುಗಿಸಿ, ಪಕ್ಕದ ಮನೆಯ ಗೆಳೆಯನಿಗೆ ಅರ್ಧ ಬೆಲೆಗೆ ಮಾರಲು ಹೊರಟರೆ? ಅದು ಪುಸ್ತಕ ಮಾರಿದಷ್ಟೇ ಸರಳವೇ? ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಹುಡುಕಲು ಹಲವು ದೇಶಗಳ ನ್ಯಾಯಾಲಯಗಳು ವರ್ಷಗಟ್ಟಲೆ ಕಳೆದಿವೆ.

ಪುಸ್ತಕದ ವಿಷಯದಲ್ಲೂ ಈ ಸ್ವಾತಂತ್ರ್ಯ ತಾನಾಗಿ ಬಂದದ್ದಲ್ಲ. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಒಂದು ಕಾದಂಬರಿಯ ಒಳಪುಟದಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಅಚ್ಚು ಹಾಕಿಸಿತ್ತು. ಮೇಸೀಸ್ ಎಂಬ ದೊಡ್ಡ ಮಳಿಗೆಯವರು ಲೆಕ್ಕಿಸದೆ 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಳಿಗೆಯ ಪರ ತೀರ್ಪು ನೀಡಿತು. ಒಂದು ಪ್ರತಿಯನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟದ ಮೇಲೆ ಕೃತಿಸ್ವಾಮಿಗೆ ಹಿಡಿತವಿಲ್ಲ. ಇದಕ್ಕೆ ‘ಮೊದಲ ಮಾರಾಟದ ತತ್ವ’ ಎಂದು ಹೆಸರು. ಗಮನಿಸಬೇಕಾದ ಅಂಶವೆಂದರೆ, ಕೊಂಡವನಿಗೆ ಸಿಕ್ಕಿದ್ದು ಪ್ರತಿಯನ್ನು ಕೈಬದಲಿಸುವ ಹಕ್ಕು ಮಾತ್ರ. ಝೆರಾಕ್ಸ್ ತೆಗೆದು ಮಾರುವ ಹಕ್ಕು ಅಲ್ಲ.

ವಿಡಿಯೊ ಗೇಮಿನ ಕುರಿತು ಬಹಳ ಸ್ವಾರಸ್ಯಕರವಾದ ಮೊಕದ್ದಮೆ ನಡೆದದ್ದು ಆಟಗಳ ತವರಾದ ಜಪಾನಿನಲ್ಲಿ. ಅಲ್ಲಿ ಹಳೆಯ ಗೇಮುಗಳನ್ನು ಕೊಂಡು ಮಾರುವ ಅಂಗಡಿಗಳು ಬೆಳೆದಿದ್ದವು. ತಮಗೆ ಇದರಿಂದ ನಷ್ಟವೆಂದು ಕ್ಯಾಪ್‌ಕಾಮ್, ಕೊನಾಮಿ, ಸೆಗಾ ಮೊದಲಾದ ತಯಾರಕರು ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಹೂಡಿದ ವಾದ ಜಾಣತನದ್ದು. ಜಪಾನಿನ ಕೃತಿಸ್ವಾಮ್ಯ ಕಾನೂನು ಸಿನಿಮಾಗಳಿಗೆ ಮಾತ್ರ ‘ಹಂಚಿಕೆಯ ಹಕ್ಕು’ ಎಂಬ ವಿಶೇಷ ಹಕ್ಕು ಕೊಟ್ಟಿತ್ತು. ಹಿಂದೆ ನಮ್ಮಲ್ಲೂ ಸಿನಿಮಾ ರೀಲುಗಳ ಡಬ್ಬಗಳು ಊರಿಂದ ಊರಿಗೆ, ಟೆಂಟಿನಿಂದ ಟೆಂಟಿಗೆ ಹೋಗುತ್ತಿದ್ದವಲ್ಲ? ಆ ಡಬ್ಬ ಯಾವ ಚಿತ್ರಮಂದಿರಕ್ಕೆ, ಎಷ್ಟು ದಿನಕ್ಕೆ ಹೋಗಬೇಕೆಂಬ ನಿರ್ಧಾರ ಚಿತ್ರದ ಒಡೆಯರದೇ ಆಗಿರಬೇಕೆಂಬುದು ಆ ಹಕ್ಕಿನ ಉದ್ದೇಶ. ವಿಡಿಯೊ ಗೇಮಿನಲ್ಲೂ ಚಲಿಸುವ ಚಿತ್ರಗಳಿವೆ, ಧ್ವನಿಯಿದೆ, ಕತೆಯಿದೆ. ಹಾಗಾದರೆ ಅದೂ ಸಿನಿಮಾ ತಾನೇ ಎಂದರು ತಯಾರಕರು.

ನ್ಯಾಯಾಧೀಶರಿಗೂ ಇದು ಸುಲಭದ ಪ್ರಶ್ನೆಯಾಗಲಿಲ್ಲ. 1999ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅಂಗಡಿಯವರ ಪರ ನಿಂತರೆ, ಅದೇ ವರ್ಷ ಒಸಾಕಾ ಜಿಲ್ಲಾ ನ್ಯಾಯಾಲಯ ತಯಾರಕರ ಪರ ನಿಂತಿತು! 2001ರಲ್ಲಿ ಎರಡೂ ಊರಿನ ಉಚ್ಚ ನ್ಯಾಯಾಲಯಗಳು ಅಂಗಡಿಯವರ ಕಡೆಗೆ ವಾಲಿದವು. ಕೊನೆಗೆ 2002ರ ಏಪ್ರಿಲ್ 25ರಂದು ಜಪಾನಿನ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥಗೊಳಿಸಿತು. ಗೇಮ್ ಎಂಬುದು ಕಾನೂನಿನ ದೃಷ್ಟಿಯಲ್ಲಿ ಸಿನಿಮಾ ಹೌದು, ಹಂಚಿಕೆಯ ಹಕ್ಕೂ ಉಂಟು. ಆದರೆ ಅದು ಚಿತ್ರಮಂದಿರಕ್ಕೆ ಹೋಗುವ ರೀಲಿನಂತಲ್ಲ, ಜನರಿಗೆ ನೇರವಾಗಿ ಮಾರುವ ಸರಕು. ಮೊದಲ ಮಾರಾಟದಲ್ಲೇ ತಯಾರಕರಿಗೆ ಪ್ರತಿಫಲ ಸಂದಿರುತ್ತದೆ. ಒಂದೇ ಪ್ರತಿಗೆ ಎರಡೆರಡು ಬಾರಿ ಲಾಭ ಕೊಡಿಸಬೇಕಾಗಿಲ್ಲ. ಆದ್ದರಿಂದ ಹಳೆಯ ಗೇಮ್ ಮಾರುವುದು ಸಕ್ರಮ. ತಯಾರಕರು ವಾದದ ಮೊದಲರ್ಧ ಗೆದ್ದು ಮೊಕದ್ದಮೆ ಸೋತರು.

ಇಷ್ಟಾದರೂ ಸಾಫ್ಟ್‌ವೇರಿನ ಕತೆ ಬೇರೆಯೇ ದಾರಿ ಹಿಡಿಯಿತು. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ನಕ್ಷೆ ಬರೆಯುವ ಆಟೊಕ್ಯಾಡ್ ಪರಿಚಿತ. ಅಮೆರಿಕದ ಟಿಮೊತಿ ವರ್ನರ್ ಎಂಬಾತ ವಾಸ್ತುಶಿಲ್ಪ ಸಂಸ್ಥೆಯೊಂದರಿಂದ ಆಟೊಕ್ಯಾಡ್‌ನ ಹಳೆಯ ಆವೃತ್ತಿಯ ಪ್ರತಿಗಳನ್ನು ಕೊಂಡು ಈ-ಬೇ ಎಂಬ ಅಂತರಜಾಲ ಸಂತೆಯಲ್ಲಿ ಮಾರಲು ಇಟ್ಟ. ಅವು ಕದ್ದವಲ್ಲ, ನಕಲೂ ಅಲ್ಲ, ಕಂಪನಿಯದೇ ಅಸಲಿ ಡಿಸ್ಕುಗಳು. ಆದರೂ ಆಟೊಡೆಸ್ಕ್ ಕಂಪನಿ ತಡೆಯೊಡ್ಡಿತು. ಆ ಸಂಸ್ಥೆ ರಿಯಾಯಿತಿ ದರದಲ್ಲಿ ಹೊಸ ಆವೃತ್ತಿ ಪಡೆದಿದ್ದು, ಹಳೆಯ ಪ್ರತಿಗಳನ್ನು ನಾಶಮಾಡಬೇಕೆಂಬ ಷರತ್ತಿಗೆ ಒಳಪಟ್ಟಿತ್ತು ಎಂಬುದು ಕಂಪನಿಯ ವಾದ. 2007ರಲ್ಲಿ ವರ್ನರ್ ಮೊಕದ್ದಮೆ ಹೂಡಿ ಕೆಳ ನ್ಯಾಯಾಲಯದಲ್ಲಿ ಗೆದ್ದ. ಆದರೆ 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿಬಿಟ್ಟಿತು. ಕಂಪನಿ ಕೊಟ್ಟಿದ್ದು ಬರಿಯ ಪರವಾನಗಿ, ಮಾರಾಟವಲ್ಲ. ಬೇರೆಯವರಿಗೆ ಕೊಡಬಾರದು, ಹೀಗೆ ಬಳಸಬಾರದು ಎಂಬ ನಿರ್ಬಂಧಗಳೂ ಇವೆ. ಮೊದಲ ಮಾರಾಟವೇ ನಡೆಯದಿರುವಾಗ ಮರುಮಾರಾಟದ ಹಕ್ಕು ಎಲ್ಲಿಯದು? 1908ರಲ್ಲಿ ಪುಸ್ತಕದೊಳಗೆ ಅಚ್ಚು ಹಾಕಿದ ಷರತ್ತಿಗೆ ಬೆಲೆಯಿರಲಿಲ್ಲ. ನೂರು ವರ್ಷಗಳ ನಂತರ ಅಂಥದೇ ಷರತ್ತು, ಒಪ್ಪಂದದ ವೇಷದಲ್ಲಿ ಬಂದಾಗ, ಗೆದ್ದಿತು. ಕೊಳ್ಳುವವರಿಗೆ ಇದು ನ್ಯಾಯವೆನಿಸುವುದು ಕಷ್ಟ.

ಯುರೋಪು ಹಾಗೆ ನೋಡಲಿಲ್ಲ. ಒರೇಕಲ್ ಕಂಪನಿ ಮತ್ತು ಹಳೆಯ ಪರವಾನಗಿಗಳನ್ನು ಮಾರುವ ಯೂಸ್ಡ್‌ಸಾಫ್ಟ್ ಎಂಬ ಸಂಸ್ಥೆಯ ನಡುವಿನ ಪ್ರಕರಣದಲ್ಲಿ 2012ರ ಜುಲೈ 3ರಂದು ಐರೋಪ್ಯ ನ್ಯಾಯಾಲಯ ತೀರ್ಪು ಕೊಟ್ಟಿತು. ಒಮ್ಮೆ ಹಣ ಪಡೆದು, ಕಾಲಮಿತಿಯಿಲ್ಲದೆ ಬಳಸಲು ಬಿಟ್ಟರೆ ಅದು ಮಾರಾಟವೇ. ಹೆಸರು ಪರವಾನಗಿ ಎಂದಿದ್ದರೇನು! ಅಂತರಜಾಲದಿಂದ ಇಳಿಸಿಕೊಂಡ ಸಾಫ್ಟ್‌ವೇರಿಗೂ ಇದು ಅನ್ವಯ. ಒಂದೇ ಕಟ್ಟಳೆ: ಮಾರುವವನು ತನ್ನ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ನಿರುಪಯುಕ್ತಗೊಳಿಸಬೇಕು.

ಇನ್ನು ನಮ್ಮ ದೇಶ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನ ಪ್ರಕಾರ, ಈಗಾಗಲೇ ಚಲಾವಣೆಯಲ್ಲಿರುವ ಪುಸ್ತಕದ ಪ್ರತಿಗಳ ಮೇಲೆ ಪ್ರಕಾಶಕರಿಗೆ ಹಿಡಿತವಿಲ್ಲ. ಅವೆನ್ಯೂ ರಸ್ತೆ ನಿಶ್ಚಿಂತೆಯಿಂದಿರಬಹುದು. ಆದರೆ 1994ರ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಮಿಗೆ ಬೇರೆ ನಿಯಮ ತಂದಿತ್ತು. ಪ್ರತಿ ಹಿಂದೆ ಮಾರಾಟವಾಗಿರಲಿ, ಬಿಡಲಿ, ಅದನ್ನು ಮಾರುವ ಹಕ್ಕು ಒಡೆಯನದೇ ಎಂದಿತ್ತು. 1999ರ ತಿದ್ದುಪಡಿ ಈ ‘ಹಿಂದೆ ಮಾರಾಟವಾಗಿರಲಿ, ಬಿಡಲಿ’ ಎಂಬರ್ಥದ ಮಾತುಗಳನ್ನು ಕಿತ್ತುಹಾಕಿತು. 2012ರಲ್ಲಿ ಸಿನಿಮಾ ಪ್ರತಿಗಳ ವಿಷಯದಲ್ಲೂ ಹೀಗೆಯೇ ಆಯಿತು. ಈ ಬದಲಾವಣೆಯ ಮಹತ್ವ ಚರ್ಚೆಗೆ ಬಂದದ್ದು ತೆರಿಗೆಯ ಮೊಕದ್ದಮೆಯೊಂದರಲ್ಲಿ. ಕರ್ನಾಟಕ ಹೈಕೋರ್ಟಿನ 2011ರ ತೀರ್ಪನ್ನು ಬದಿಗೊತ್ತಿದ ಸುಪ್ರೀಂ ಕೋರ್ಟ್, 2021ರ ಮಾರ್ಚ್ 2ರಂದು ಹೀಗೆ ವಿವರಿಸಿತು: ಈ ಕಲಮು ತಡೆಯುವುದು ಪ್ರೋಗ್ರಾಮಿನ ನಕಲು ತೆಗೆದು ಮಾರುವುದನ್ನು, ಕೊಂಡ ಪ್ರತಿಯನ್ನು ಹಾಗೆಯೇ ಮಾರುವ ವಿತರಕನನ್ನಲ್ಲ. ಆದರೆ ಬೇರೆಯವರಿಗೆ ಕೊಡುವುದಿಲ್ಲ ಎಂಬ ಪರವಾನಗಿಗೆ ಒಪ್ಪಿಗೆಯೊತ್ತಿದ ಸಾಮಾನ್ಯ ಬಳಕೆದಾರನ ಪ್ರಶ್ನೆ ಆ ಮೊಕದ್ದಮೆಯದಾಗಿರಲಿಲ್ಲ.

ಈ ಗೊಂದಲದ ಬೇರು ಕಂಪ್ಯೂಟರಿನ ಸ್ವಭಾವದಲ್ಲೇ ಇದೆ. ಪುಸ್ತಕ ಕೊಟ್ಟರೆ ಕೊಟ್ಟವನ ಕೈ ಖಾಲಿ. ಫೈಲನ್ನು ‘ಕಳುಹಿಸಿದರೆ’ ಏನೂ ಇಲ್ಲಿಂದ ಎದ್ದುಹೋಗುವುದಿಲ್ಲ. ಇಲ್ಲಿನ ಸೊನ್ನೆ-ಒಂದುಗಳ ಸಾಲನ್ನು ನೋಡಿ ಅಲ್ಲಿ ಇನ್ನೊಂದು ಸಾಲು ಬರೆಯಲ್ಪಡುತ್ತದೆ, ಅಷ್ಟೆ. ಕಾನೂನು ಕೊಟ್ಟದ್ದು ಕೈಬದಲಿಸುವ ಹಕ್ಕು, ಫೈಲಿಗೆ ಗೊತ್ತಿರುವುದು ನಕಲಾಗುವುದು ಮಾತ್ರ. ಹಳೆಯ ಹಾಡಿನ ಫೈಲುಗಳನ್ನು ಮಾರಲು ಹೊರಟಿದ್ದ ರೀಡಿಜಿ ಎಂಬ ಅಮೆರಿಕದ ಸಂಸ್ಥೆ 2018ರಲ್ಲಿ ಸೋತದ್ದು ಈ ಕಾರಣಕ್ಕೇ. ಸ್ಟೀಮ್ ಎಂಬ ಗೇಮ್ ತಾಣದಲ್ಲಿ ಕೊಂಡ ಆಟಗಳನ್ನು ಮರುಮಾರಾಟ ಮಾಡಬಹುದೆಂದು ಪ್ಯಾರಿಸಿನ ನ್ಯಾಯಾಲಯ 2019ರಲ್ಲಿ ಹೇಳಿದಾಗ ಆಟಗಾರರು ಹಿಗ್ಗಿದ್ದರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಗೊಳಿಸಿತು.

ಹೀಗಾಗಿ ಪೋಷಕರು ಕೊಳ್ಳುವ ಮೊದಲೇ ನೋಡಬೇಕಾದ್ದು ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು. ಡಿಸ್ಕ್ ಹಾಕಿ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರದ ಆಟವಾದರೆ, ಆ ಡಿಸ್ಕು ಪುಸ್ತಕದಂತೆಯೇ ಕೈಬದಲಿಸಬಲ್ಲದು. ಕಂಪ್ಯೂಟರ್ ಸಾಫ್ಟ್‌ವೇರಿನ ಡಿಸ್ಕಾದರೆ ಮಾರುವ ಮೊದಲು ಪರವಾನಗಿ ಓದಬೇಕು, ಮನೆಯ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ಅಳಿಸಬೇಕು. ಅದನ್ನು ಇಟ್ಟುಕೊಂಡು ಡಿಸ್ಕ್ ಮಾರುವುದು ಕಳ್ಳನಕಲೇ. ಕೆಲವು ಪೆಟ್ಟಿಗೆಗಳೊಳಗೆ ಡಿಸ್ಕೇ ಇರುವುದಿಲ್ಲ, ಒಂದು ಚೀಟಿಯಲ್ಲಿ ಕೋಡ್ ಮಾತ್ರ. ಅದನ್ನು ಒಮ್ಮೆ ಖಾತೆಗೆ ಸೇರಿಸಿದರೆ ಮುಗಿಯಿತು, ಚೀಟಿಯನ್ನು ರದ್ದಿಗೆ ಹಾಕಬಹುದು. ಡಿಸ್ಕ್ ಹಾಕುವ ಕಿಂಡಿಯೇ ಇಲ್ಲದ ಯಂತ್ರಗಳು ಅಗ್ಗವೆಂದು ತಂದರೆ ಮುಂದೆ ಕೊಳ್ಳುವ ಆಟಗಳೆಲ್ಲ ಈ ಚೀಟಿಯ ಜಾತಿಯವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಇಂಥ ಸರಕಿಗೆ ‘ಕೊಳ್ಳಿ’ ಎಂಬ ಮಾತು ಬಳಸುವ ವ್ಯಾಪಾರಿ, ಸಿಗುವುದು ಪರವಾನಗಿ ಮಾತ್ರ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕಾಗಿದೆ.