ಹೇಳಿ ಬರುವ ಇನ್‌ಸ್ಪೆಕ್ಟರ್



ಹಾಸ್ಟೆಲಿನಲ್ಲಿ ಬೆಳೆದ ನಮಗೆ ತಪಾಸಣೆ ಎಂದರೇನೆಂದು ಯಾರೂ ಕಲಿಸಬೇಕಿಲ್ಲ. "ನಾಳೆ ಸಾಹೇಬ್ರು ಬರ್ತಾರ, ಅಂಗಿ ತೊಳ್ಕೊಂಡು ಹಾಕ್ಕೊಳ್ರಿ" ಎಂದು ಸುದ್ದಿ ಬಂದ ಮರುದಿನ ಸಾರಿನಲ್ಲಿ ಬೇಳೆ ಕಾಣುತ್ತದೆ. ಪಾಯಖಾನೆಗೆ ಫಿನೈಲ್ ಬೀಳುತ್ತದೆ. ಸಾಹೇಬರು ಚಹಾ ಕುಡಿದು ಪುಸ್ತಕಕ್ಕೆ ಸಹಿ ಹಾಕುತ್ತಾರೆ. ವಾರ್ಡನ್ ಪಕ್ಕದಲ್ಲೇ ನಿಂತಿರುವಾಗ "ಊಟ ಹೆಂಗದ?" ಎಂದು ಕೇಳುತ್ತಾರೆ. "ಚಲೋ ಅದ ರೀ ಸರ್" ಎನ್ನುತ್ತೇವೆ. ಜೀಪು ಗೇಟು ದಾಟುತ್ತದೆ. ಬೇಳೆಯೂ ಅದರ ಹಿಂದೆಯೇ ಹೋಗುತ್ತದೆ.

ನಮ್ಮ ಅಪ್ಪ ಅವ್ವ ದುಡಿಯುವ ಜಾಗಕ್ಕೂ ಇಂಥ ಒಬ್ಬ ಸಾಹೇಬ ಇದ್ದಾನೆ. ಲೇಬರ್ ಇನ್‌ಸ್ಪೆಕ್ಟರ್. ಅವನನ್ನು ಕಂಡವರು ನಮ್ಮ ಕೇರಿಯಲ್ಲಿ ಎಷ್ಟು ಮಂದಿ ಇದ್ದಾರೆ, ಕೇಳಿ ನೋಡಿ.

ಬಾಬಾಸಾಹೇಬರು 1946ರಲ್ಲಿ ಕಾರ್ಮಿಕ ಸದಸ್ಯರಾಗಿ ಕನಿಷ್ಠ ಕೂಲಿ ಮಸೂದೆ ಮಂಡಿಸಿದರು. 1948ರಲ್ಲಿ ಅದು ಕಾಯ್ದೆಯಾಯಿತು. ಕೂಲಿ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಲು ಇನ್‌ಸ್ಪೆಕ್ಟರ್ ಬಂದ. 1949ರಲ್ಲಿ ಭಾರತ ಒಪ್ಪಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೇ ಒಡಂಬಡಿಕೆ ಏನು ಹೇಳುತ್ತದೆ? ಹಗಲಾಗಲಿ ರಾತ್ರಿಯಾಗಲಿ, ಹೇಳದೆ ಕೇಳದೆ ಒಳಗೆ ಹೋಗಬಹುದು. ದೂರು ಕೊಟ್ಟವನ ಹೆಸರು ಮಾಲಕನಿಗೆ ತಿಳಿಯಕೂಡದು. ಹೇಳಿ ಬರುವವನು ಇನ್‌ಸ್ಪೆಕ್ಟರ್ ಅಲ್ಲ, ಬೀಗ.

2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು 7 ಮಂದಿ ಸತ್ತರು. ಎಲ್ಲರೂ ಬಿಹಾರದವರು. ನಿಡಗುಂದಿಯ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಗೋವಾಕ್ಕೆ ಗುಳೆ ಹೊರಡುವ ನಮ್ಮವರ ಹಾಗೆಯೇ ಅವರೂ ಹೊಟ್ಟೆಗಾಗಿ ಬಂದವರು. ಸತ್ತ ಮೇಲೆ ಮಂತ್ರಿ ಬಂದರು, ಅಧಿಕಾರಿಗಳು ಬಂದರು. ಅದಕ್ಕೂ ಮೊದಲು ಯಾರು ಬಂದಿದ್ದರು? ಏನು ಬರೆದಿದ್ದರು?

2025ರ ಜನವರಿಯಲ್ಲಿ ಅದೇ ವಿಜಯಪುರದ ಇಟ್ಟಂಗಿ ಭಟ್ಟಿಯೊಂದರಲ್ಲಿ, ಸಂಕ್ರಾಂತಿಗೆ ಊರಿಗೆ ಹೋಗಿ ಬಂದ ದಲಿತ ಕೂಲಿಗಳ ಅಂಗಾಲಿಗೆ ಪೈಪಿನಿಂದ ಹೊಡೆದರು. ಜಗಳದ ಬೇರು ಮುಂಗಡದ ಲೆಕ್ಕ. ನಾಡಿಗೆ ಇದು ಗೊತ್ತಾದದ್ದು ಮೊಬೈಲಿನ ವಿಡಿಯೋದಿಂದ. ಯಾವ ಇನ್‌ಸ್ಪೆಕ್ಟರನ ವರದಿಯಿಂದಲೂ ಅಲ್ಲ.

ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇನ್‌ಸ್ಪೆಕ್ಟರ್ ಹೋಗಿ 'ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್' ಆಗಿದ್ದಾನೆ. ಮಾಲಕನಿಗೂ ಸಲಹೆ ಕೊಡುತ್ತಾನಂತೆ, ಕೂಲಿಯವನಿಗೂ ಕೊಡುತ್ತಾನಂತೆ. ಕೂಲಿ ಸಂಹಿತೆಯ ಕೆಲವು ತಪ್ಪುಗಳಿಗೆ ತಕ್ಷಣ ಕೇಸು ಹಾಕುವಂತಿಲ್ಲ, ಮೊದಲು ಸರಿಪಡಿಸಿಕೊಳ್ಳಲು ಬರೆದುಕೊಟ್ಟು ಗಡುವು ಕೊಡಬೇಕು. ಕಳ್ಳನಿಗೆ ಇಷ್ಟು ಮರ್ಯಾದೆ ಬೇರೆ ಎಲ್ಲಿ ಸಿಗುತ್ತದೆ? ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಕಾರ್ಖಾನೆ ಎನಿಸುತ್ತಿತ್ತು, ಈಗ 20 ಬೇಕು. ಹೊರರಾಜ್ಯಕ್ಕೆ ವಲಸೆ ಹೋದವರು 5 ಮಂದಿ ಇದ್ದರೆ 1979ರ ಕಾಯ್ದೆಯ ರಕ್ಷಣೆ ಇತ್ತು, ಈಗ 10 ಬೇಕು. ಒಂಬತ್ತು ಮಂದಿ ಹೋದರೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಮಾತು, ನಮಗೇ ಕಹಿಯಾದದ್ದು. ಆ ಜೀಪಿನಿಂದ ಇಳಿಯುವವರಲ್ಲಿ ನಮ್ಮವರೂ ಇದ್ದಾರೆ. ಇದೇ ಹಾಸ್ಟೆಲಿನ ನೀರುಸಾರು ಉಂಡು ಕೆ.ಪಿ.ಎಸ್.ಸಿ. ಪಾಸಾದವರು. ಈ ಪತ್ರಿಕೆ ಓದುತ್ತಿರುವವರಲ್ಲೂ ಕೆಲವರು ನಾಳೆ ಅಲ್ಲಿಗೆ ಹೋಗುವವರೇ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. 1976ರ ಜೀತ ನಿರ್ಮೂಲನಾ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಬೇಕು. ವಿಜಯಪುರ ಜಿಲ್ಲೆಯ ಆ ಮೂವರು ಯಾರು? ಕೊನೆಯ ಸಭೆ ಎಂದು ನಡೆಯಿತು? ಯಾವ ಭಟ್ಟಿಗೆ ಹೋಗಿದ್ದರು? 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇದನ್ನು ಕೇಳಬಹುದು, ದಾಖಲೆಯನ್ನು ನಾವೇ ಹೋಗಿ ತಪಾಸಣೆ ಮಾಡಬಹುದು. ಅರ್ಜಿಗೆ 10 ರೂಪಾಯಿ. ಉತ್ತರ ಕೊಡಲು ಅವರಿಗೆ 30 ದಿನ. ನಿಡಗುಂದಿಯ ಗೆಳೆಯರು ಈ ವಾರವೇ ಬರೆಯಿರಿ. ಹಾಸ್ಟೆಲಿನ ತಪಾಸಣಾ ವರದಿಯನ್ನೂ ಬೇರೆ ಅರ್ಜಿಯಲ್ಲಿ ಕೇಳಿ. ಬೇಳೆಯ ಬಗ್ಗೆ ಸಾಹೇಬರು ಏನು ಬರೆದಿದ್ದಾರೋ ನೋಡೋಣ.

ಜೈಭೀಮ್.