ನಿಯಂತ್ರಣ ತಪ್ಪೋದು ತಿರುವಿನಲ್ಲಲ್ಲ!

ಘಾಟಿಯಲ್ಲಿ ಅಪಘಾತವಾದಾಗಲೆಲ್ಲ ಒಂದೇ ವಾಕ್ಯ: ‘ಚಾಲಕನ ನಿಯಂತ್ರಣ ತಪ್ಪಿ ವಾಹನ ಪಲ್ಟಿ.’ ಪೊಲೀಸರೂ ಹಾಗೇ ಬರೀತಾರೆ, ಪತ್ರಿಕೆಗಳೂ ಹಾಗೇ ಅಚ್ಚು ಹಾಕುತ್ತವೆ. ಅಲ್ಲಿಗೆ ಕಥೆ ಮುಗೀತು. ನಿಯಂತ್ರಣ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಕೇಳುವವರಿಲ್ಲ.

ತೀರ್ಥಹಳ್ಳಿ ಕಡೆಯಿಂದ ಸೋಮೇಶ್ವರಕ್ಕೆ ಇಳಿಯುವ ಆಗುಂಬೆ ಘಾಟಿಯನ್ನೇ ನೋಡಿ. 14 ಹೇರ್‌ಪಿನ್ ತಿರುವು. ಮಳೆಗಾಲದಲ್ಲಿ ಮಂಜು ಬೇರೆ. ಇಲ್ಲಿ ತೋಳಿನ ಬಲಕ್ಕಿಂತ ವೇಗದ ಲೆಕ್ಕ ದೊಡ್ಡದು. 20 ಕಿ.ಮೀ. ವೇಗದಲ್ಲಿ ಸುತ್ತುವ ತಿರುವನ್ನು 40ರಲ್ಲಿ ಸುತ್ತಿದರೆ ಟೈರಿಗೆ ಬೇಕಾದ ಹಿಡಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಸವೆದ ಟೈರು, ಒದ್ದೆ ಡಾಂಬರು ಅಷ್ಟು ಹಿಡಿತ ಎಲ್ಲಿಂದ ತರಬೇಕು? ಬ್ರೇಕು ಹಾಕೋದು ತಿರುವಿಗೆ ಮುಂಚೆ, ನೇರ ರಸ್ತೆಯಲ್ಲಿ. ನಡುತಿರುವಿನಲ್ಲಿ ಗಕ್ಕನೆ ತುಳಿದರೆ ಚಕ್ರ ಉರುಳೋದು ನಿಂತು ಜಾರುತ್ತೆ; ಉರುಳದ ಚಕ್ರ ಸ್ಟೇರಿಂಗಿನ ಮಾತು ಕೇಳೋದಿಲ್ಲ. ಎಬಿಎಸ್ ಇದ್ದರೆ ಚಕ್ರ ಕಚ್ಚಿಕೊಳ್ಳದು, ನಿಜ. ಆದರೆ ಅತಿವೇಗದ ಪಾಪವನ್ನು ಅದೂ ತೊಳೆಯದು.

ಡೀಸೆಲ್ ಉಳಿಸುತ್ತೇವೆಂದು ನ್ಯೂಟ್ರಲ್‌ನಲ್ಲಿ ಗಾಡಿ ಇಳಿಸುವ ಜಾಣರೂ ಇದ್ದಾರೆ. ಇಂಜಿನ್ನಿನ ತಡೆ ಇಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾದು, ಬ್ರೇಕು ಹಿಡಿಯದ ಹೊತ್ತಿಗೆ ದೇವರೇ ಗತಿ. ಇಂಜಿನ್ನನ್ನೇ ಆಫ್ ಮಾಡಿದರೆ ಪವರ್ ಸ್ಟೇರಿಂಗೂ ಕಲ್ಲಿನಂತೆ ಬಿಗಿ. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬುದು ಹಳೇ ಚಾಲಕರ ಪಾಠ.

ಎದುರಿಗೆ ದನ ಬಂತೆಂದು ಸ್ಟೇರಿಂಗ್ ಸರ್ರನೆ ಎಳೆದರೆ ಎತ್ತರದ ಗಾಡಿ ಮಗುಚುತ್ತೆ. ಮುಂದಿನ ಟೈರು ಸಿಡಿದರೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೇರ ಇಡಬೇಕು, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಬ್ರೇಕಿನ ಮೇಲೆ ನಿಲ್ಲಬಾರದು. ಇಕ್ಕಟ್ಟಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲ ದಾರಿ, ಇಳಿಯುವವ ಬದಿಗೆ ನಿಲ್ಲಬೇಕು ಎಂಬುದು ಕಾನೂನು. ಪಾಲಿಸುವವರೆಷ್ಟು ಮಂದಿ?

ಹಾಗಂತ ಎಲ್ಲ ತಪ್ಪನ್ನೂ ಚಾಲಕನ ತಲೆಗೆ ಕಟ್ಟಬೇಡಿ. ಬೋಳು ಟೈರಿನಲ್ಲೇ ಇನ್ನೊಂದು ಟ್ರಿಪ್ಪು ಹೊಡೆಸುವ ಮಾಲೀಕ ಯಾರು? ಸಂಜೆಯೊಳಗೆ ಲೋಡು ಬರಲೇಬೇಕೆಂದು ಫೋನಿನಲ್ಲಿ ಗದರಿಸುವ ವರ್ತಕರು ಯಾರು? ಹತ್ತು ನಿಮಿಷ ತಡವಾದರೆ ‘ಏನ್ರೀ, ಎತ್ತಿನ ಗಾಡಿನಾ?’ ಎಂದು ಹಿಂದಿನ ಸೀಟಿನಿಂದ ಕೂಗುವವರು ಯಾರು? ನಿಯಂತ್ರಣ ತಪ್ಪೋದು ಅಲ್ಲಿ. ತಿರುವಿನಲ್ಲಿ ಕಾಣೋದು ಅದರ ಫಲ ಮಾತ್ರ.

ಬಯಲುಸೀಮೆಯಲ್ಲಿ ಗಾಡಿ ಕಲಿತ ಹೊಸ ಚಾಲಕನನ್ನು ಮಾಲೀಕರು ಮೊದಲ ಕೆಲವು ಸಲ ಅನುಭವಿಯ ಪಕ್ಕದಲ್ಲಿ ಕೂರಿಸಿ ಘಾಟಿ ಇಳಿಸಲಿ. ಸಾರಿಗೆ ಅಧಿಕಾರಿಗಳು ಘಾಟಿಯ ಮೇಲ್ತುದಿಯಲ್ಲೇ ಟೈರು, ಬ್ರೇಕು ನೋಡಲಿ. ಕೆಳಗೆ ಕಮರಿಯಲ್ಲಿ ಬಿದ್ದಮೇಲೆ ಪಂಚನಾಮೆ ಮಾಡಿ ಏನು ಬಂತು? ಪ್ರಯಾಣಿಕರೂ ಗಡಿಯಾರ ನೋಡೋದು ಬಿಟ್ಟು, ನಿಧಾನಕ್ಕೆ ಇಳಿಸುವ ಚಾಲಕನಿಗೆ ಒಂದು ಒಳ್ಳೇ ಮಾತು ಹೇಳಲಿ. ತಡವಾಗಿ ಮನೆ ಮುಟ್ಟಿದವರಿಗೆ ಊಟ ತಣ್ಣಗಾಗಿರಬಹುದು, ಅಷ್ಟೇ ತಾನೆ!